ನಳಿನಾಕ್ಷಿ ಕೋಂ ದೇಜಪ್ಪ

1961 ಫೆಬ್ರವರಿ 8, ಬುಧವಾರ. ಕಾಪು

ಇಂದು ಬೆಳಿಗ್ಗೆ ಸುಣ್ಣದ ಗೆರೆ ಬಿದ್ದೇಬಿಟ್ಟಿತು! ಮಂಗಳೂರಿನಿಂದ ಉಡುಪಿಗೆ ಹೋಗುವ ರಸ್ತೆಯನ್ನು ಎರಡು ಪಟ್ಟು ಅಗಲ ಮಾಡುತ್ತಾರೆಂಬ ಸುದ್ದಿಯನ್ನು ಮೂರು ವರ್ಷಗಳಿಂದ ಕೇಳುತ್ತಾ ಬಂದಿದ್ದೆವು. ಇಂದು ಹಗ್ಗ, ಸರಪಳಿ, ಸುಣ್ಣದ ಬುಟ್ಟಿ ಹಿಡಿದು ಎಂಟು ಜನರು ಬಂದರು. ಪೇಟೆಯ ಪೂರ್ವದ ಸಾಲಿನಲ್ಲಿ ಅಂಗಡಿಗಳ ಒಳಗಡೆಯೇ ಗೆರೆ ಎಳೆದರು. ಸುಂದರನ ಸೈಕಲ್ ರಿಪೇರಿ ಅಂಗಡಿಯಲ್ಲಿ ಅದು ಗಾಳಿ ಹಾಕುವ ಪಂಪಿನ ಬುಡದಿಂದ ಹಾದುಹೋಯಿತು. ನಳಿನಾಕ್ಷಿಯ ಚಹಾದ ಹೋಟೆಲಿನಲ್ಲಿ ಒಲೆಯನ್ನೇ ಎರಡು ಭಾಗ ಮಾಡಿತು. ಒಂಬತ್ತು ಅಂಗಡಿಗಳು ಹೋಗುತ್ತವೆ.

ಆದರೆ ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ನಾನೇ ಎಲ್ಲರಿಗೂ ಓದಿ ಹೇಳಿದೆ. ರಸ್ತೆಯ ಕೆಲಸದಿಂದ ಜಾಗ ಕಳೆದುಕೊಳ್ಳುವ ಸಣ್ಣ ವ್ಯಾಪಾರಸ್ಥರಿಗೆ ಹೊಸ ರಸ್ತೆಯ ಬದಿಯಲ್ಲೇ ಸರಕಾರವು ನಿವೇಶನ ಕೊಡುತ್ತದೆ. ಮಾಡಿಗೆ ಬೇಕಾದ ಹಂಚು, ಮರಗಳನ್ನೂ ಒದಗಿಸುತ್ತದೆ. ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಎಂಥ ಕಾಲದಲ್ಲಿ ನಾವು ಬದುಕಿದ್ದೇವೆ! ಹಿಂದಿನ ಬ್ರಿಟಿಷರ ಕಾಲವಾಗಿದ್ದರೆ ಗೆರೆ ಎಳೆದವರು ಎಳೆದೇ ಹೋಗುತ್ತಿದ್ದರು.

ಒಂಬತ್ತು ಮಂದಿಯಲ್ಲಿ ಆರು ಮಂದಿ ಬೋರ್ಡ್ ಶಾಲೆಯಲ್ಲಿ ನನ್ನ ಬಳಿ ಕಲಿತ ಮಕ್ಕಳು. ನಿವೃತ್ತನಾಗಿ ಎರಡು ವರ್ಷವಾದರೂ ಅವರು ನನ್ನನ್ನು ಬಿಟ್ಟಿಲ್ಲ. ಈ ಕೆಲಸವನ್ನು ನಾನೇ ಮುಂದೆ ನಿಂತು ಮಾಡಿಸುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಅಪೊಲೋನಿಯಾ ಅಕ್ಕಿ ಆರಿಸುವುದನ್ನು ನಿಲ್ಲಿಸದೆಯೇ ಅಂದಳು: “ಅಂತೂ ನಿಮಗೆ ಪುನಃ ಒಂದು ಶಾಲೆ ಸಿಕ್ಕಿತು.”

ಫೆಬ್ರವರಿ 12, ಆದಿತ್ಯವಾರ

ಚರ್ಚಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಜಗಲಿ ತುಂಬಿತ್ತು. ಒಂಬತ್ತು ಅರ್ಜಿಗಳನ್ನೂ ನನ್ನ ಕೈಯಿಂದಲೇ ತುಂಬಿದೆ. ನಳಿನಾಕ್ಷಿ ತನ್ನದನ್ನು ತಾನೇ ಬರೆಯುತ್ತೇನೆಂದು ಲೇಖನಿ ತೆಗೆದಿದ್ದಳು.

“ನಾನೇ ಬರೆಯುತ್ತೇನೆ ಮಾಸ್ಟ್ರೇ. ನನಗೆ ಬರೆಯಲಿಕ್ಕೆ ಬರ್ತದೆ ಅಲ್ವಾ? ಕಲಿಸಿದವರು ನೀವೇ.”

“ಬರುತ್ತದೆ ಮಗು. ಆದರೆ ಸರಕಾರಕ್ಕೆ ಬರೆಯುವಾಗ ಅಕ್ಷರವೂ ಸರಕಾರದ ಹಾಗೆಯೇ ಇರಬೇಕು,” ಎಂದು ಕಾಗದವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವಳು ನಕ್ಕು ಲೇಖನಿಯ ಮುಚ್ಚಳ ಹಾಕಿದಳು.

ಮಗುವಿಗೆ ಇಪ್ಪತ್ತಮೂರು ವಯಸ್ಸು. ತಾಯಿ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಕಡಲಿನಿಂದ ಬರುವ ದೋಣಿಗಳವರಿಗೂ ಬಸ್ಸಿಗೆ ಕಾಯುವವರಿಗೂ ಚಹಾ, ಗೋಳಿಬಜೆ, ಮಧ್ಯಾಹ್ನ ಗಂಜಿ ಊಟ, ಎಲ್ಲವನ್ನೂ ಅವಳೊಬ್ಬಳೇ ನಡೆಸುತ್ತಿದ್ದಾಳೆ. ಆ ಹೋಟೆಲೊಂದು ಹೋದರೆ ಅವಳ ಕೈಯಲ್ಲಿ ಬೇರೇನೂ ಇಲ್ಲ.

‘ಯಜಮಾನರ ಹೆಸರು’ ಎಂಬ ಕಾಲಮಿಗೆ ಬಂದಾಗ ಅವಳು ಕೇಳಿದಳು: “ಯಜಮಾನ ಅಂದರೆ ಮಾವನೇ ಅಲ್ವಾ?”

ನಮ್ಮ ಕ್ರಿಸ್ತುವರಲ್ಲಿ ಈ ಪದ್ಧತಿಯಿಲ್ಲವಾದರೂ ಇಷ್ಟು ವರ್ಷ ಈ ಊರಿನಲ್ಲಿದ್ದು ನನಗೆ ತಿಳಿಯದುದೇ? ಕಡಲಿಗಿಳಿಯುವ ಈ ಮೊಗವೀರರಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ಮನೆಯ ಯಜಮಾನನೆಂದರೆ ತಾಯಿಯ ಅಣ್ಣ. ನಳಿನಾಕ್ಷಿಯ ಮನೆಗೆ ದೇಜಪ್ಪನೇ ಯಜಮಾನ. ದೊಡ್ಡ ದೋಣಿಯೊಂದರ ಒಡೆಯ, ದೊಡ್ಡ ದನಿಯ ಮನುಷ್ಯ. ಆದುದರಿಂದ ಯಜಮಾನರ ಹೆಸರು: ದೇಜಪ್ಪ. ಸಂಬಂಧ: ಸೋದರಮಾವ. ಎರಡನ್ನೂ ಗುಂಡಗೆ, ಸ್ಪಷ್ಟವಾಗಿ ಬರೆದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಫೆಬ್ರವರಿ 23, ಗುರುವಾರ

ಸ್ಥಳ ಪರೀಕ್ಷೆಗೆ ಅಧಿಕಾರಿಗಳು ಬಂದಿದ್ದರು! ಉಡುಪಿಯಲ್ಲಿ ಈ ಪರಿಹಾರಕ್ಕೆಂದೇ ತೆರೆದ ತಾತ್ಕಾಲಿಕ ಕಚೇರಿಯವರು. ತುಮಕೂರಿನ ಕಡೆಯವರಂತೆ. ರಾಜ್ಯಗಳು ಒಂದಾದ ಮೇಲೆ ಇಂಥ ದೂರದ ಕನ್ನಡವನ್ನು ನಮ್ಮ ಪೇಟೆಯಲ್ಲಿ ನಿಂತು ಕೇಳುವ ಭಾಗ್ಯ ಬಂದಿದೆ. ಹೋಟೆಲಿನ ಬೆಂಚಿನಲ್ಲಿ ಕುಳಿತು, ನಾನು ಬರೆದ ಅರ್ಜಿಯನ್ನು ಕೈಯಲ್ಲಿ ಹಿಡಿದು, ಬಹಳ ಮೃದುವಾಗಿ ವಿಚಾರಿಸಿದರು.

“ಏನಮ್ಮಾ, ನಿಮ್ ಯಜಮಾನ್ರು ಕಾಣಿಸ್ತಾ ಇಲ್ವಲ್ಲಾ?”

“ದೋಣಿಗೆ ಹೋಗಿದ್ದಾರೆ ಸಾರ್. ಹತ್ತು ಗಂಟೆಗೆ ಬರ್ತಾರೆ.”

“ಸ್ವಂತ ಸೋದರಮಾವನೇನಾ?”

“ಹೌದು ಸಾರ್. ಅಮ್ಮನ ಒಡಹುಟ್ಟಿದ ಅಣ್ಣ.”

“ಒಳ್ಳೇದೇ ಆಯ್ತು ಬಿಡಿ. ನಮ್ ಕಡೇನೂ ಹಾಗೇನೇ. ಗೊತ್ತಿಲ್ದೋರಿಗಿಂತ ಮಾವನೇ ವಾಸಿ. ಮಕ್ಕಳೆಷ್ಟು?”

“ಯಜಮಾನರಿಗಾ? ನಾಲ್ಕು ಸಾರ್. ದೊಡ್ಡವನು ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾನೆ.”

ಅಧಿಕಾರಿಗಳು ಕನ್ನಡಕ ತೆಗೆದು ನಳಿನಾಕ್ಷಿಯನ್ನು ಒಂದು ಗಳಿಗೆ ನೋಡಿದರು. ಅನಂತರ ಇನ್ನೊಂದು ಚಹಾ ಕೇಳಿ, ಏನೋ ಬರೆದುಕೊಂಡರು. ಮನೆಯವರ ಕ್ಷೇಮವನ್ನು ಇಷ್ಟು ಅಕ್ಕರೆಯಿಂದ ವಿಚಾರಿಸುವ ಅಧಿಕಾರಿಯನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ನಮ್ಮೂರಿನ ಕುಟುಂಬ ಪದ್ಧತಿಯನ್ನು ಮೆಚ್ಚಿದರಲ್ಲ, ಅದಕ್ಕಿಂತ ಹೆಚ್ಚಿನದೇನು ಬೇಕು? ಕೆಲಸವಾಯಿತೆಂದೇ ತಿಳಿಯಬೇಕು.

ಮಾರ್ಚ್ 18, ಶನಿವಾರ

ಪಟ್ಟಿ ಬಂದಿತು! ಒಂಬತ್ತಕ್ಕೆ ಒಂಬತ್ತೂ ಮಂಜೂರು! ಪಂಚಾಯತಿನ ಹಲಗೆಯ ಮುಂದೆ ನಿಂತು ನಾನು ಗಟ್ಟಿಯಾಗಿ ಓದುತ್ತಿದ್ದರೆ ಸುಂದರ ನನ್ನ ಹಿಂದಿನಿಂದ ಶಿಳ್ಳೆ ಹಾಕಿದ. ಬಯ್ಯಲಿಲ್ಲ. ಇಂದು ಹಾಕಲಿ.

ಆದರೆ ಅತ್ಯಂತ ಸೋಜಿಗದ ಸಂಗತಿಯನ್ನು ಇನ್ನೂ ಬರೆದೇ ಇಲ್ಲ. ಏಳನೆಯ ಸಾಲಿನಲ್ಲಿ ಹೀಗಿತ್ತು: ‘ನಳಿನಾಕ್ಷಿ ಕೋಂ ದೇಜಪ್ಪ, ಚಹಾ ಹೋಟೆಲ್, ಕಾಪು.’

“ಕೋಂ ಅಂದರೆ ಎಂತ ಮಾಸ್ಟ್ರೇ?” ಎಂದು ಸುಂದರ ಕೇಳಿದ.

ನಾನು ಒಂದು ಕ್ಷಣ ಯೋಚಿಸಿದೆ. ಮಂಗಳೂರಿನ ದೊಡ್ಡ ದೊಡ್ಡ ಮಳಿಗೆಗಳ ಹಲಗೆಗಳಲ್ಲಿ ಇಂಗ್ಲಿಷಿನಲ್ಲಿ ‘ಕೋ’ ಎಂದು ಬರೆದು ಮುಂದೆ ಒಂದು ಚುಕ್ಕೆ ಇಡುವುದನ್ನು ನೋಡದವರು ಯಾರು? ಕಂಪೆನಿ ಎಂಬುದರ ಸಂಕ್ಷೇಪ ಅದು. ಇಲ್ಲಿಯೂ ಅದೇ ‘ಕೋ’. ಮುಂದಿನ ಸೊನ್ನೆ ಆ ಸಂಕ್ಷೇಪದ ಚುಕ್ಕೆ. ಮಾವ ಮತ್ತು ಸೊಸೆ ಒಟ್ಟಾಗಿ ನಡೆಸುವ ಉದ್ಯಮವೆಂದು ತಿಳಿದು ಸರಕಾರವು ನಮ್ಮ ನಳಿನಾಕ್ಷಿಯ ಚಹಾದ ಹೋಟೆಲನ್ನು ಒಂದು ಕಂಪೆನಿಯೆಂದೇ ಮಾನ್ಯ ಮಾಡಿದೆ!

ವಿವರಿಸಿದಾಗ ನೆರೆದವರೆಲ್ಲ ಬೆರಗಾದರು. “ಒಲೆಗೆ ಊದಿ ಊದಿ ನಾನು ಕಂಪೆನಿಯಾದೆನಾ?” ಎಂದು ನಳಿನಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಂದರನಿಗೆ ಮಾತ್ರ ಅಸಮಾಧಾನ. “ನನ್ನ ಹೆಸರಿಗೆ ಕೋಂ ಇಲ್ಲ. ಪಂಕ್ಚರ್ ಹಾಕುವವರು ಮನುಷ್ಯರಲ್ವಾ?”

ಮಾರ್ಚ್ 21, ಮಂಗಳವಾರ

ದೋಣಿಗೆ ಬಳಿದು ಮಿಕ್ಕ ನೀಲಿ ಬಣ್ಣವಿತ್ತು. ದೇಜಪ್ಪ ಅದನ್ನೂ ಒಂದು ಹಲಗೆಯನ್ನೂ ತಂದ. ಅಕ್ಷರ ಬರೆದವನು ನಾನು. ಹೊಸ ಜಾಗಕ್ಕೆ ಹೋಗುವವರೆಗೂ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲವಾದುದರಿಂದ ಹಳೆಯ ಹೋಟೆಲಿನ ಬಾಗಿಲ ಮೇಲೆಯೇ ತೂಗುಹಾಕಿದೆವು: ‘ನಳಿನಾಕ್ಷಿ ಕೋಂ ದೇಜಪ್ಪ.’

“ಮಾಸ್ಟ್ರೇ, ಕಂಪೆನಿ ಅಂದಮೇಲೆ ನಾನು ದೋಣಿಯಲ್ಲಿಯೂ ಷರ್ಟು ಹಾಕಬೇಕಾ?” ಎಂದು ದೇಜಪ್ಪ ಗಂಭೀರವಾಗಿ ಕೇಳಿದ.

“ಮಾವ, ಮೊದಲು ಹೋಟೆಲಿನಲ್ಲಿ ಹಾಕಿ,” ಎಂದು ನಳಿನಾಕ್ಷಿ ಒಳಗಿನಿಂದ ಕೂಗಿದಳು.

ಮಾರ್ಚ್ 29, ಬುಧವಾರ

ಈ ಪುಟವನ್ನು ಬರೆಯಲೇಬೇಕು. ಬರೆಯದಿದ್ದರೆ ನನ್ನನ್ನು ನಾನು ಕ್ಷಮಿಸಿಕೊಂಡಂತಾಗುತ್ತದೆ.

ಕಾರ್ಕಳದಿಂದ ಜಲ್ಲಿಯ ಲಾರಿಗಳು ಬರತೊಡಗಿವೆ. ಅವುಗಳ ಮೇಲ್ವಿಚಾರಣೆಗೆ ಹಾಸನದ ಕಡೆಯ ಓವರ್ಸಿಯರ್ ಒಬ್ಬರಿದ್ದಾರೆ. ಇಂದು ಬೆಳಿಗ್ಗೆ ಚಹಾಕ್ಕೆಂದು ಬಂದವರು ಹಲಗೆಯ ಕೆಳಗೆ ನಿಂತು ಓದಿ, ಒಳಗೆ ಕುಳಿತಿದ್ದ ದೇಜಪ್ಪನ ಬೆನ್ನು ತಟ್ಟಿದರು. ಹೋಟೆಲು ತುಂಬಾ ಜನ. ದೋಣಿಯಿಂದ ಇಳಿದವರು ಹನ್ನೆರಡು ಮಂದಿ, ಬಸ್ಸಿಗೆ ಕಾಯುವವರು ಬೇರೆ. ನಾನೂ ಇದ್ದೆ.

“ಭೇಷ್ ದೇಜಪ್ಪನೋರೇ! ಬೋರ್ಡಲ್ಲೂ ಹೆಂಡ್ತಿ ಹೆಸರೇ ಮುಂದೆ ಹಾಕಿಸಿದ್ದೀರಲ್ಲ. ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು.”

“ಯಾರ ಹೆಂಡತಿ?” ಎಂದ ದೇಜಪ್ಪ.

“ಇನ್ಯಾರು, ಈ ನಳಿನಾಕ್ಷಮ್ಮ. ಕೋಂ ಅಂತ ಬರ್ಸಿದ್ದೀರಲ್ಲ? ನಳಿನಾಕ್ಷಿ ಕೋಂ ದೇಜಪ್ಪ. ದೇಜಪ್ಪನ ಹೆಂಡ್ತಿ ನಳಿನಾಕ್ಷಿ ಅಂತ.”

ಆ ಮನುಷ್ಯರ ತಪ್ಪೇನೂ ಇಲ್ಲ. ಅವರ ಊರಿನ ಕಾಗದಪತ್ರಗಳಲ್ಲೆಲ್ಲ ಹೆಂಡತಿಯೆಂಬುದಕ್ಕೆ ‘ಕೋಂ’ ಎಂದೇ ಬರೆಯುವುದಂತೆ. ಅವರ ಕಡೆ ‘ಯಜಮಾನರು’ ಎಂದರೆ ಗಂಡನಂತೆ. ಸೋದರಮಾವನನ್ನು ಮದುವೆಯಾಗುವುದಂತೂ ಅಲ್ಲಿ ಮನೆಮನೆಯ ಪದ್ಧತಿ! ನಮ್ಮ ತುಳುವರಲ್ಲಿ ಸೋದರಮಾವನೆಂದರೆ ಅದೇ ತಾಯಿಯ ರಕ್ತ, ಅದೇ ಬರಿ, ಅಂದರೆ ಅದೇ ಕುಲ. ತಂದೆಗಿಂತ ಒಂದು ಮೆಟ್ಟಿಲು ಮೇಲಿನವನು. ಅಂಥ ಮಾತನ್ನು ತಮಾಷೆಗೂ ಯಾರೂ ಆಡುವುದಿಲ್ಲ. ನಾನು ಅದನ್ನು ನೀಲಿ ಬಣ್ಣದಲ್ಲಿ ಬರೆದು ತೂಗುಹಾಕಿದ್ದೆ.

ದೇಜಪ್ಪ ಎದ್ದು ನಿಂತ. ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಸುಂದರ ಓಡಿಬಂದು ಹಲಗೆಯನ್ನು ಕಿತ್ತು, ಬಗಲಲ್ಲಿ ಅವುಚಿಕೊಂಡು ಮಾಯವಾದ.

ನಳಿನಾಕ್ಷಿ ಮಾತ್ರ ನನ್ನ ಬಳಿಗೆ ಬಂದು ಮೆಲ್ಲನೆ ಕೇಳಿದಳು: “ಮಾಸ್ಟ್ರೇ, ಹಾಗಾದರೆ ಆ ನಾಲ್ಕು ಮಕ್ಕಳೂ ನನ್ನವಾ?” ಮರುಕ್ಷಣವೇ ಕಣ್ಣಲ್ಲಿ ನೀರು ತುಂಬುವಷ್ಟು ನಕ್ಕಳು. ನೀರು ನಗುವಿನದೇ ಎಂದು ನಂಬಲು ಪ್ರಯತ್ನಿಸುತ್ತಿದ್ದೇನೆ.

ಮಾರ್ಚ್ 30, ಪವಿತ್ರ ಗುರುವಾರ

ದೇಜಪ್ಪನ ಹೆಂಡತಿ ತನ್ನ ತಾಯಿಮನೆಯಾದ ಪೊಲಿಪುವಿನಿಂದ ಮೀನಿನ ಪೇಟೆಗೆ ಬಂದು ಎಲ್ಲರ ಮುಂದೆ ಗಂಡನನ್ನು ಕೇಳಿದಳಂತೆ: “ಹೊಸ ಸಂಸಾರಕ್ಕೆ ನೀರು ತರಲಿಕ್ಕೆ ಕೊಡಪಾನ ಉಂಟಾ, ನಾನೇ ಕಳಿಸಬೇಕಾ?” ಪೇಟೆಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ದೇಜಪ್ಪ ಇಂದು ದೋಣಿ ಇಳಿಸಲಿಲ್ಲ.

ಚರ್ಚಿನಲ್ಲಿ ಮೂರು ಗಂಟೆ ಕುಳಿತಿದ್ದೆ. ಒಂದು ಪ್ರಾರ್ಥನೆಯೂ ನೆಟ್ಟಗಾಗಲಿಲ್ಲ.

ಏಪ್ರಿಲ್ 5, ಬುಧವಾರ

ಸರಿಯಾಯಿತು! ಎಲ್ಲವೂ ಸರಿಯಾಯಿತು! ಬೆಳಿಗ್ಗೆ ಮೊದಲ ಬಸ್ಸಿಗೇ ಉಡುಪಿಗೆ ಹೋದೆ. ದೇಜಪ್ಪನನ್ನು ನಿನ್ನೆಯೇ ಕರೆದಿದ್ದೆ, ಅವನು ಬರಲೊಲ್ಲೆನೆಂದ. “ನಾನು ಅಲ್ಲಿಗೆ ಹೋಗಿ ಎಂತ ಹೇಳುವುದು ಮಾಸ್ಟ್ರೇ? ಇವಳು ನನ್ನ ಹೆಂಡತಿ ಅಲ್ಲ ಅಂತಲಾ? ಹೇಳಿದರೂ ಮರ್ಯಾದೆ ಹೋಯ್ತು, ಹೇಳದಿದ್ದರೂ ಹೋಯ್ತು.” ಆದುದರಿಂದ ಒಬ್ಬನೇ ಹೋದೆ.

ಕಚೇರಿಯ ಗುಮಾಸ್ತರ ಮುಂದೆ ಅರ್ಧ ಗಂಟೆ ನಿಂತು, ತಾಯಿಯ ಕಡೆಯ ಮನೆತನವೆಂದರೇನು, ಯಜಮಾನನೆಂದರೆ ಯಾರು, ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಅವರು ಕೊನೆಗೆ ಒಂದು ಉಪಾಯ ಹೇಳಿದರು. ನಿಯಮದಂತೆ ಹೆಂಡತಿ ಅರ್ಜಿ ಹಾಕಿದರೂ ನಿವೇಶನ ಹೇಗೂ ಗಂಡನ ಹೆಸರಿಗೇ ಹೋಗುತ್ತದೆ; ಇಲ್ಲಿಯೂ ಹಾಗೆಯೇ ಟಿಪ್ಪಣಿಯಾಗಿದೆ. ಆದ್ದರಿಂದ ಹೊಸ ಅರ್ಜಿ ಬೇಡ, ಪಟ್ಟಿಯಲ್ಲಿ ‘ನಳಿನಾಕ್ಷಿ ಕೋಂ’ ಎಂಬುದನ್ನು ಹೊಡೆದುಹಾಕಿದರೆ ಸಾಕು. ‘ದೇಜಪ್ಪ’ ಎಂಬುದಷ್ಟೇ ಉಳಿಯುತ್ತದೆ. ಇಪ್ಪತ್ತನೆಯ ತಾರೀಕಿನೊಳಗೆ ಯಾರ ತಕರಾರೂ ಬಾರದಿದ್ದರೆ ಅದೇ ಕಾಯಂ.

ಒಂದೇ ಗೆರೆ! ಒಂದು ಗೆರೆಯಿಂದ ಅಷ್ಟೂ ಅಪವಾದ ಅಳಿಸಿಹೋಗುತ್ತದೆ. “ಆಗಬಹುದು, ಆಗಬಹುದು,” ಎಂದು ಅವರ ಮಸಿದೌತಿಯನ್ನು ನಾನೇ ಮುಂದೆ ಸರಿಸಿದೆ. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಈ ಕಥೆ ಹೇಳದಿರಲಾಗಲಿಲ್ಲ.

ಏಪ್ರಿಲ್ 6, ಗುರುವಾರ

ನಳಿನಾಕ್ಷಿ ನನ್ನ ಮಾತನ್ನು ಪೂರ್ತಿ ಕೇಳಿದಳು. ಗೋಳಿಬಜೆಯ ಹಿಟ್ಟಿನ ಕೈಯನ್ನು ತೊಳೆದುಕೊಂಡು ಬಂದು ಎದುರಿಗೆ ನಿಂತಳು.

“ಮಾಸ್ಟ್ರೇ, ಒಂದು ಮಾತು ಕೇಳಲಾ? ಜಾಗ ಈಗ ಯಾರದ್ದು?”

“ದೇಜಪ್ಪನ ಹೆಸರಿನಲ್ಲಿ.”

“ಅಂದರೆ ಮಾವನದ್ದು. ನನ್ನ ಮರ್ಯಾದೆ ಉಳಿಸಿದಿರಿ. ಹೋಟೆಲು ಕೊಟ್ಟು ಬಂದಿರಿ.”

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ದೇಜಪ್ಪನೂ ಬಂದ. ವಾರದಿಂದ ಕುಗ್ಗಿದ್ದ ಮುಖ ಇಂದು ಗೆಲುವಾಗಿತ್ತು. “ಒಳ್ಳೆ ಕೆಲಸ ಮಾಡಿದಿರಿ ಮಾಸ್ಟ್ರೇ! ರಸ್ತೆ ಬದಿಯ ಜಾಗ ಚಿನ್ನ ಅಲ್ವಾ? ಇವಳು ನಾಳೆ ಮದುವೆಯಾಗಿ ಹೋಗುವವಳು. ನಾನು ಅಲ್ಲಿ ಒಣಮೀನಿನ ದಾಸ್ತಾನು ಹಾಕ್ತೇನೆ. ಲಾರಿ ಬಾಗಿಲಿಗೇ ಬರ್ತದೆ.”

ಅದರಲ್ಲಿ ಕಪಟವಿರಲಿಲ್ಲ. ಮನೆಯ ಯಜಮಾನ ಮನೆಯ ಆಸ್ತಿಯ ಬಗ್ಗೆ ಮಾತನಾಡುವಂತೆ ಮಾತನಾಡಿದ. ನಳಿನಾಕ್ಷಿ ಚಹಾ ಮಾಡಿ ತಂದು ಅವನ ಮುಂದಿಟ್ಟಳು, ನನ್ನ ಮುಂದೆಯೂ ಇಟ್ಟಳು.

ಅಪೊಲೋನಿಯಾ ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿದಳು: “ಆ ಹುಡುಗಿ ಮೊದಲ ದಿನವೇ ತಾನು ಬರೆಯುತ್ತೇನೆ ಅಂದಿದ್ದಳಂತಲ್ಲ?”

ಏಪ್ರಿಲ್ 10, ಸೋಮವಾರ

ಶನಿವಾರ ಹಳೆಯ ಸಾಲನ್ನು ಕೆಡವಿದರು. ನಿನ್ನೆ, ಇಂದು ಎರಡು ದಿನವೂ ದೋಣಿಯವರು ಕಡಲಿನಿಂದ ಬಂದು ಚಹಾವಿಲ್ಲದೆ ಮುಖ ಮುಖ ನೋಡಿಕೊಂಡು ಮನೆಗೆ ಹೋದರು. ದೇಜಪ್ಪನ ದೋಣಿಯವರೇ ಅವನ ಮುಂದೆ ಗೊಣಗಿದರಂತೆ: “ಯಜಮಾನ್ರೇ, ಒಣಮೀನು ಕುಡಿಯಲಿಕ್ಕೆ ಆಗ್ತದಾ?”

ಸಂಜೆ ನಳಿನಾಕ್ಷಿ ನಮ್ಮ ಜಗಲಿಗೆ ಬಂದು ಕುಳಿತಳು. ಕೈಯಲ್ಲಿ ಹೊಸ ಅರ್ಜಿ. ಬರೆದಾಗಿತ್ತು. “ನೀವು ಅಕ್ಷರ ತಪ್ಪು ಇದ್ದರೆ ಮಾತ್ರ ನೋಡಿ ಮಾಸ್ಟ್ರೇ,” ಎಂದಳು.

ಓದಿದೆ. ‘ಯಜಮಾನರ ಹೆಸರು’ ಎಂದು ಅಚ್ಚಾಗಿದ್ದ ಕಡೆ, ಮೊದಲ ಪದದ ಕೊನೆಯ ಅಕ್ಷರಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ಕೈಯಿಂದ ತಿದ್ದಿದ್ದಳು: ‘ಯಜಮಾನ್ತಿಯ ಹೆಸರು: ನಳಿನಾಕ್ಷಿ.’

ಎಂಥ ಪದ! ಎದ್ದು ನಿಂತುಬಿಟ್ಟೆ. ಅವಳ ಅಜ್ಜಿ ಇರುವ ತನಕ ಆ ಮನೆಗೆ ಅಜ್ಜಿಯೇ ಯಜಮಾನ್ತಿ. ಮೂರು ದೋಣಿ, ಹನ್ನೊಂದು ಗಂಡಸರು ಅವಳ ಮಾತಿನಂತೆ ನಡೆಯುತ್ತಿದ್ದರಂತೆ. ಊರಿನ ಎಲ್ಲ ಮನೆಗಳಲ್ಲೂ ಆಡುವ ಪದ. ಫೆಬ್ರವರಿಯಲ್ಲಿ ಅದು ನನಗೇಕೆ ಹೊಳೆಯಲಿಲ್ಲವೋ.

“ದೇಜಪ್ಪ ಒಪ್ಪುತ್ತಾನೆಯೇ?” ಎಂದೆ.

“ಅವರನ್ನು ಕೇಳದೆ ಕೊಡುವುದಿಲ್ಲ. ಮಧ್ಯಾಹ್ನ ಓದಿ ಹೇಳಿದೆ. ‘ಮಾವ, ದೋಣಿಯಲ್ಲಿ ಚುಕ್ಕಾಣಿ ಯಾರದ್ದು?’ ಕೇಳಿದೆ. ‘ನನ್ನದು’ ಅಂದರು. ‘ನಾನು ಎಂದಾದರೂ ಮುಟ್ಟಲಿಕ್ಕೆ ಬಂದಿದ್ದೇನಾ?’ ಕೇಳಿದೆ. ಎದ್ದು ಹೋದರು.”

“ಕೋಪದಿಂದಲೋ?”

“ಗೊತ್ತಿಲ್ಲ ಮಾಸ್ಟ್ರೇ. ಬೆನ್ನು ಮಾತ್ರ ಕಾಣ್ತಿತ್ತು.”

ಅರ್ಜಿಯಲ್ಲಿ ಒಂದು ಕಡೆ ‘ನಿವೇಶನ’ ಎಂಬಲ್ಲಿ ಷಕಾರ ಬಿದ್ದಿತ್ತು. ತೋರಿಸಿದೆ. ಅವಳೇ ತಿದ್ದಿಕೊಂಡಳು.

ಏಪ್ರಿಲ್ 20, ಗುರುವಾರ

ಎಂಥ ಸಂತೋಷದ ದಿನ! ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ತಕರಾರು ಕೇಳುವ ಕೊನೆಯ ದಿನ. ನಳಿನಾಕ್ಷಿ, ಸುಂದರ, ನಾನು, ಮೂವರೂ ಒಂಬತ್ತರ ಬಸ್ಸಿಗೆ ಹೋದೆವು. ಕಾಗದದ ಚೀಲ ನನ್ನ ಕೈಯಲ್ಲಿತ್ತು. ದೇಜಪ್ಪನ ಸುಳಿವಿರಲಿಲ್ಲ, ನಸುಕಿಗೇ ದೋಣಿ ಇಳಿಸಿದನೆಂದು ಯಾರೋ ಹೇಳಿದರು.

ಅಂದು ಬಂದಿದ್ದ ಅಧಿಕಾರಿಗಳೇ ಮೇಜಿನ ಹಿಂದೆ ಕುಳಿತಿದ್ದರು. ಅರ್ಜಿಯನ್ನು ಓದಿ ಹುಬ್ಬೇರಿಸಿದರು.

“ಏನಮ್ಮಾ ಇದು, ಯಜಮಾನ್ತಿ? ಇಂಥ ಪದ ನಾನು ಕೇಳೇ ಇಲ್ವಲ್ಲ.”

ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಅವರು ಕೇಳಿದ್ದು ನನ್ನನ್ನಲ್ಲ.

“ನಮ್ಮಲ್ಲಿ ಉಂಟು ಸಾರ್,” ಎಂದಳು ನಳಿನಾಕ್ಷಿ. “ನಿಮ್ಮಲ್ಲಿ ಯಜಮಾನರು ಅಂದರೆ ಗಂಡ. ನಮ್ಮಲ್ಲಿ ಯಜಮಾನರು ಅಂದರೆ ನಡೆಸುವವರು. ನಡೆಸುವುದು ಹೆಂಗಸಾದರೆ ಯಜಮಾನ್ತಿ. ನನಗೆ ಮದುವೆ ಆಗಲಿಲ್ಲ. ದೇಜಪ್ಪ ನನ್ನ ಮಾವ, ನನ್ನನ್ನು ಸಾಕಿದವರು. ಹೋಟೆಲು ನಡೆಸುವುದು ನಾನು.”

ಅಧಿಕಾರಿಗಳ ಮುಖ ನಿಧಾನವಾಗಿ ಕೆಂಪಾಯಿತು. “ಹಾಗಾದ್ರೆ ಆ ನಾಲ್ಕು ಮಕ್ಕಳು...”

“ಅವರ ಹೆಂಡತಿಯದ್ದು ಸಾರ್.”

ಸುಂದರ ಕಿಟಕಿಯ ಕಡೆಗೆ ತಿರುಗಿ ಕೆಮ್ಮಿದ.

“ತಪ್ಪಾಯ್ತಮ್ಮಾ,” ಎಂದರು ಅವರು. ದೊಡ್ಡ ಮನುಷ್ಯ. ಆದರೆ ಮರುಕ್ಷಣವೇ ಕಡತ ತಿರುಗಿಸಿ ತಲೆಯಾಡಿಸಿದರು. “ನೋಡಿ, ಪಟ್ಟಿಯಲ್ಲಿ ಈಗ ದೇಜಪ್ಪ ಅಂತಿದೆ. ನೀವು ಕೇಳಿದ್ರಿ ಅಂತ ಅವರ ಹೆಸರು ತೆಗೆಯೋಕಾಗಲ್ಲ. ಅವರೇ ಬಂದು ಬೇಡ ಅನ್ನಬೇಕು. ಹನ್ನೆರಡು ಗಂಟೆಗೆ ಕಡತ ಮುಚ್ತೀನಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ನಳಿನಾಕ್ಷಿ ಬೆಂಚಿನಲ್ಲಿ ಕುಳಿತು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಕಾಪುವಿಗೆ ಓಡಬೇಕೆಂದೆ, ಟ್ಯಾಕ್ಸಿ ಮಾಡಬೇಕೆಂದೆ, ಅಧಿಕಾರಿಗಳಿಗೆ ಇನ್ನೊಮ್ಮೆ ವಿವರಿಸಬೇಕೆಂದೆ.

“ಕುಳಿತುಕೊಳ್ಳಿ ಮಾಸ್ಟ್ರೇ,” ಎಂದಳು. “ಬಂದರೆ ಅವರಾಗಿಯೇ ಬರಬೇಕು.” ಕುಳಿತೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲಲ್ಲಿ ದೊಡ್ಡ ದನಿ ಕೇಳಿಸಿತು. ದೇಜಪ್ಪ! ಬಿಳಿ ಷರ್ಟು, ಅದರ ಗುಂಡಿಗಳು ಒಂದಕ್ಕೊಂದು ತಪ್ಪಿಹೋಗಿದ್ದವು. ಮೊಣಕಾಲಿನವರೆಗೆ ಉಪ್ಪಿನ ಬಿಳುಪು. ದೋಣಿಯನ್ನು ದಡಕ್ಕೆ ಮುಟ್ಟಿಸಿದವನೇ, ಬಲೆಯನ್ನು ಉಳಿದವರಿಗೆ ಬಿಟ್ಟು ಬಸ್ಸು ಹತ್ತಿದ್ದ.

“ಯಾರು ಇಲ್ಲಿ ನನಗೆ ಮದುವೆ ಮಾಡಿಸಿದವರು?” ಎಂದ.

ಅಧಿಕಾರಿಗಳು ಎದ್ದೇ ನಿಂತರು. “ತಪ್ಪಾಯ್ತು ದೇಜಪ್ಪನವರೇ. ಕೂತ್ಕೊಳ್ಳಿ. ಯಜಮಾನರು ನೀವೇ ತಾನೇ?”

ದೇಜಪ್ಪ ಕುಳಿತುಕೊಳ್ಳಲಿಲ್ಲ. ನಳಿನಾಕ್ಷಿಯ ಕಡೆಗೆ ಒಮ್ಮೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ‘ಹೌದು’ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

“ಮನೆಗೆ ನಾನು ಯಜಮಾನ. ದೋಣಿಗೆ ನಾನು ಯಜಮಾನ,” ಎಂದ ದೇಜಪ್ಪ. “ಇವಳ ಹೋಟೆಲಿಗೆ ನಾನು ಗಿರಾಕಿ. ಗಿರಾಕಿಗೆ ಎಂತಕ್ಕೆ ಜಾಗ ಕೊಡ್ತೀರಿ ಸ್ವಾಮಿ? ಎಲ್ಲಿ ಒತ್ತಬೇಕು ಹೇಳಿ.”

ಹೆಬ್ಬೆಟ್ಟನ್ನು ಅಷ್ಟು ಜೋರಾಗಿ ಒತ್ತಿದ ಕಾರಣ ಮಸಿ ಕಾಗದದ ಹಿಂದಕ್ಕೂ ಇಳಿಯಿತು. ಗುಮಾಸ್ತರು ‘ದೇಜಪ್ಪ’ನನ್ನು ಹೊಡೆದುಹಾಕಿ ‘ನಳಿನಾಕ್ಷಿ’ ಎಂದು ಬರೆದರು. ಮುಂದೆ ಏನು ಹಾಕಲೆಂದು ಅಧಿಕಾರಿಗಳ ಮುಖ ನೋಡಿದರು. ಅವರು ಸ್ವಲ್ಪ ಯೋಚಿಸಿ, “ಅವರು ಹೇಳಿದ್ದನ್ನೇ ಬರೀರಿ,” ಎಂದರು. ಸರಕಾರದ ಕಾಗದದಲ್ಲಿ ‘ಯಜಮಾನ್ತಿ’ ಎಂಬ ಪದವನ್ನು ನಾನು ನನ್ನ ಕಣ್ಣಾರೆ ಕಂಡೆ!

ಹೊರಗೆ ಬಂದಾಗ ದೇಜಪ್ಪ ಹಳೆಯ ದನಿಯಲ್ಲೇ ಗದರಿದ: “ಮಳೆಗೆ ಮೊದಲು ಚಹಾ ಶುರು ಆಗದಿದ್ದರೆ ನೋಡು ಮತ್ತೆ!” ನಳಿನಾಕ್ಷಿ ಅವನ ಷರ್ಟಿನ ಗುಂಡಿಗಳನ್ನು ಬಿಚ್ಚಿ, ಸರಿಯಾಗಿ ಹಾಕಿದಳು.

ಮೇ 13, ಶನಿವಾರ

ಹಂಚು, ಮರ ಬಂದಿವೆ. ಮಳೆಗೆ ಮೊದಲು ಮಾಡು ಏಳಬೇಕೆಂದು ಎಲ್ಲರಿಗೂ ಆತುರ. ಇಡೀ ದಿನ ಬಿಸಿಲಿನಲ್ಲಿ ನಿಂತು ಹಂಚು ದಾಟಿಸಿದೆ, ಅಪೊಲೋನಿಯಾ ಬಯ್ದಳು. ಒಲೆಯನ್ನು ಹಿಂಬದಿಗೆ ಕಟ್ಟಿಸಿದರೆ ಹೊಗೆ ಹೊರಗೆ ಹೋಗುತ್ತದೆಂದು ನಾನು ಹೇಳಿದೆ. ರಸ್ತೆಯ ಕಡೆಗೇ ಇರಬೇಕು, ಬಸ್ಸಿನಲ್ಲಿರುವವರಿಗೆ ಬಜೆ ಕರಿಯುವ ವಾಸನೆ ಹೋಗಬೇಕು ಎಂದರು ನಳಿನಾಕ್ಷಿಯವರು. ಅದು ನನಗೆ ತೋಚಿರಲೇ ಇಲ್ಲ. ಸುಂದರ ತನ್ನ ಅಂಗಡಿಯನ್ನು ಪಕ್ಕಕ್ಕೇ ಹಾಕಿದ್ದಾನೆ.

ಮೇ 26, ಶುಕ್ರವಾರ

ಹೋಟೆಲು ತೆರೆದು ಮೂರನೆಯ ದಿನ. ಬೆಳಿಗ್ಗೆ ಏಳಕ್ಕೆ ಹೋದೆ. ಡಾಂಬರಿನ ಕೆಲಸದವರು, ಎರಡು ಲಾರಿಯವರು, ದೋಣಿಯಿಂದ ಇಳಿದವರು ಎಲ್ಲರೂ ಒಟ್ಟಿಗೇ ಬಂದಿದ್ದರು. ಬೆಂಚುಗಳಲ್ಲಿ ಒಂದು ಬೆರಳಿನ ಜಾಗವೂ ಇರಲಿಲ್ಲ. ಬಾಗಿಲ ನಡುವೆ ನಿಂತು ಅಷ್ಟನ್ನೂ ಕಣ್ಣು ತುಂಬಾ ನೋಡುತ್ತಿದ್ದೆ.

ನಳಿನಾಕ್ಷಿಯವರು ಒಲೆಯ ಮುಂದಿನಿಂದ ತಲೆಯೆತ್ತದೆಯೇ ಅಂದರು: “ಮಾಸ್ಟ್ರೇ, ಸ್ವಲ್ಪ ಆಚೆ ನಿಲ್ಲಿ. ಗಿರಾಕಿಗಳಿಗೆ ದಾರಿ ಬೇಕು.”

ಸರಿದು ನಿಂತೆ.